ಅರ್ಧ ಅಂಕದ ಪಾಠ



ನಮ್ಮ ಶಾಲೆಯ ಅಂಕಪಟ್ಟಿಗಳನ್ನು ನಾನು ಈಗ ಗಣಕಯಂತ್ರದಲ್ಲಿ ‘ಆರ್’ ಎಂಬ ಸಂಖ್ಯಾಶಾಸ್ತ್ರದ ಭಾಷೆಯಿಂದ ಸಿದ್ಧಪಡಿಸುತ್ತಿರುವೆನು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ, ರಾಬರ್ಟ್ ಜಂಟಲ್‌ಮನ್ ಎಂಬಿಬ್ಬರು ರಚಿಸಿದ ಈ ಭಾಷೆಯ ಮೊದಲನೆಯ ಪೂರ್ಣ ಆವೃತ್ತಿಯು 2000ನೆಯ ಇಸವಿಯಲ್ಲಿ ಹೊರಬಂದಿತು. ಇದು ದುಭಾಷಿಯಂತೆ ನಮ್ಮ ಒಂದೊಂದು ಮಾತನ್ನೂ ಆಗಿಂದಾಗಲೇ ಯಂತ್ರಕ್ಕೆ ತಿಳಿಸುವುದು. ‘ಸಿ ಪ್ಲಸ್ ಪ್ಲಸ್’ ಭಾಷೆಯಾದರೋ ಅಚ್ಚುಕೂಟದಂತೆ. ಮೊಳೆ ಜೋಡಿಸುವ ತನಕ ಕಾದಿರಬೇಕು, ಜೋಡಿಸಿದ ಬಳಿಕ ಕೆಲಸವು ಬಹು ಶೀಘ್ರ. ‘ಆರ್‌ಸಿಪಿಪಿ’ ಎಂಬ ಉಪಕರಣವು ಇವೆರಡನ್ನೂ ಕೂಡಿಸುವುದು. ಅದರ ‘ಇವ್ಯಾಲ್‌ಸಿಪಿಪಿ’ ಎಂಬ ಅಪ್ಪಣೆಗೆ ಸಿ ಪ್ಲಸ್ ಪ್ಲಸ್ಸಿನ ಒಂದು ಉಕ್ತಿಯನ್ನು ಒಪ್ಪಿಸಿದರೆ, ಅದು ಯಂತ್ರಭಾಷೆಗೆ ಇಳಿದು, ನಡೆದು, ಉತ್ತರವು ಆರ್‌ಗೆ ಮರಳಿ ಬರುವುದು.

ಹಳೆಯ ವಿದ್ಯಾರ್ಥಿನಿಯೊಬ್ಬಳು ಇದನ್ನು ನನಗೆ ಕಲಿಸಿದಳು. ಹೊಸ ವಿದ್ಯೆಯ ಉತ್ಸಾಹದಲ್ಲಿ ನಾನು ಸರಾಸರಿಗಳನ್ನೆಲ್ಲ ಹೀಗೆಯೇ ಎಣಿಸಿದೆನು. ಹೊಸನಗರದ ಕಡೆಯ ಒಬ್ಬ ಬಾಲಕಿಗೆ ಎರಡು ಪರೀಕ್ಷೆಗಳಿಂದ ಗಣಿತದಲ್ಲಿ 69 ಅಂಕಗಳಿದ್ದವು. 69/2 ಎಂದು ಬರೆದೆನು. 34 ಎಂದು ಬಂದಿತು. ತೇರ್ಗಡೆಗೆ 35 ಬೇಕಾಗಿತ್ತು. ಈ ಸಲ ತಪ್ಪಿದರೆ ಶಾಲೆ ಬಿಡಿಸುವೆವೆಂದು ಆಕೆಯ ಮನೆಯವರು ಮೊದಲೇ ತಿಳಿಸಿದ್ದರು. ನಾನು ಆಕೆಯನ್ನು ಕರೆದು ವಿಷಯವನ್ನು ಹೇಳಿದೆನು.

ಆಕೆ ಅಳಲಿಲ್ಲ. ಕರಿಹಲಗೆಯ ಮೇಲೆ ಭಾಗಿಸಿ, “ಅಮ್ಮಾ, ಈ ಅರ್ಧ ಎಲ್ಲಿ ಹೋಯಿತು?” ಎಂದು ಕೇಳಿದಳು.

ಅರ್ಧ ಅಂಕವನ್ನು ಒಂದೆಂದು ಎಣಿಸುವುದು ನಮ್ಮ ಶಾಲೆಯ ಪದ್ಧತಿ. ಆರ್‌ನಲ್ಲಿ ನೇರವಾಗಿ ಬರೆದಿದ್ದರೆ 34.5 ಎಂದೇ ಬರುತ್ತಿತ್ತು. ಸಿ ಪ್ಲಸ್ ಪ್ಲಸ್ಸಿನಲ್ಲಾದರೋ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಾಂಶ ಭಾಗವು ಬಿದ್ದುಹೋಗುವುದು, 69/2.0 ಎಂದು ಬರೆಯಬೇಕಾಗಿತ್ತು. ಯಂತ್ರವು ತನ್ನ ನಿಯಮದಂತೆಯೇ ನಡೆಯಿತು. ಒಂದು ಭಾಷೆಯ ಅರ್ಥವನ್ನು ಇನ್ನೊಂದರ ಮೇಲೆ ಹೊರಿಸಿದವಳು ನಾನು. ಲಕ್ಷಗಟ್ಟಲೆ ಸಲ ಆವರ್ತಿಸುವ ಲೆಕ್ಕಗಳಿಗೆ ಒದಗುವ ಉಪಕರಣವನ್ನು ಸಣ್ಣದೊಂದು ಭಾಗಾಕಾರಕ್ಕೆ ಹಿಡಿದುದೂ ನನ್ನ ಅವಿವೇಕವೇ.

ಆ ರಾತ್ರಿ ಪಟ್ಟಿಗಳನ್ನೆಲ್ಲ ಮರಳಿ ಎಣಿಸಿದೆನು. ಸಾಗರದ ಇಬ್ಬರಿಗೂ ತೀರ್ಥಹಳ್ಳಿಯ ಒಬ್ಬಳಿಗೂ ಅರ್ಧರ್ಧ ಅಂಕ ಕಡಮೆಯಾಗಿತ್ತು. ಮರುದಿನ ಪ್ರಾರ್ಥನೆಯಾದ ಮೇಲೆ ಎಲ್ಲರ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡೆನು.

ಆ ಬಾಲಕಿ ಈಗಲೂ ನಮ್ಮ ಶಾಲೆಯಲ್ಲಿಯೇ ಓದುತ್ತಿರುವಳು. ಪೋಷಕರೇ, ನಿಮ್ಮ ಮಕ್ಕಳು ಗುರುಗಳ ಉತ್ತರವನ್ನೂ ಒಮ್ಮೆ ಭಾಗಿಸಿ ನೋಡಿದರೆ, ದಯವಿಟ್ಟು ಗದರಿಸಬೇಡಿರಿ.