ಅಮ್ಮಿಯ ಎಡಗೈ

ರೋಗ ಗುಣವಾಯಿತೆಂದು ವೈದ್ಯರು ಹೇಳಿದೊಡನೆ ರೋಗಿಯನ್ನು ವಿಚಾರಿಸುವುದನ್ನು ನಾವು ನಿಲ್ಲಿಸಿಬಿಡುತ್ತೇವೆ. ರೋಗಿಯ ಸಂದರ್ಶನವು ಒಬ್ಬ ವಿಶ್ವಾಸಿಗೆ ಇನ್ನೊಬ್ಬ ವಿಶ್ವಾಸಿಯ ಮೇಲಿರುವ ಹಕ್ಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆ ಹಕ್ಕು ಆಸ್ಪತ್ರೆಯ ಬಾಗಿಲಲ್ಲಿ ಮುಗಿಯುವುದಿಲ್ಲವೆಂಬುದನ್ನು ನಾವು ನಮ್ಮ ತಾಯಿಯ ಎಡಗೈಯಿಂದ ಕಲಿತೆವು.

ನಾವು ನಾಲ್ವರು ಒಡಹುಟ್ಟಿದವರು. ಮೂವರು ಹೆಣ್ಣುಮಕ್ಕಳು ಹಾಸನ, ಅರಕಲಗೂಡು ಮತ್ತು ಚನ್ನರಾಯಪಟ್ಟಣದಲ್ಲಿ ನೆಲೆಸಿದ್ದೇವೆ. ಅಮ್ಮಿ ಹೊಳೆನರಸೀಪುರದಲ್ಲಿ ನಮ್ಮ ತಮ್ಮನೊಂದಿಗೆ ಇದ್ದಾರೆ. ಸ್ತನ ಕ್ಯಾನ್ಸರಿಗಾಗಿ ಬೆಂಗಳೂರಿನಲ್ಲಿ ಅವರಿಗೆ ಶಸ್ತ್ರಚಿಕಿತ್ಸೆಯಾಯಿತು. ಕಂಕುಳಿನ ಗ್ರಂಥಿಗಳನ್ನೂ ತೆಗೆದು, ಬಳಿಕ ವಿಕಿರಣ ಚಿಕಿತ್ಸೆ ನೀಡಿದರು. ಬೆನ್ನಿನ ಸ್ನಾಯು ಮತ್ತು ಚರ್ಮವನ್ನು ಬಳಸಿ ಸ್ತನವನ್ನು ಪುನರ್ರಚಿಸಿದರು. ಇದು ಅಲ್ಲಾಹನ ಸೃಷ್ಟಿಯನ್ನು ಬದಲಿಸಿದಂತಾಗದೇ ಎಂದು ಬಂಧುಗಳಲ್ಲಿ ಕೆಲವರು ಕೇಳಿದ್ದುಂಟು. ಆಗ ಆಲಿಮರೊಬ್ಬರು, ಯುದ್ಧದಲ್ಲಿ ಮೂಗು ಕಳೆದುಕೊಂಡಿದ್ದ ಅರ್ಫಜ(ರ)ರಿಗೆ ಚಿನ್ನದ ಮೂಗನ್ನು ಹಾಕಿಸಿಕೊಳ್ಳಲು ಪ್ರವಾದಿವರ್ಯರು(ಸ) ತಿಳಿಸಿದ್ದನ್ನು ನೆನಪಿಸಿದರು. ರೋಗದಿಂದಾದ ಕೊರತೆಯನ್ನು ಸರಿಪಡಿಸುವುದು ಬೇರೆ, ಅಲಂಕಾರಕ್ಕಾಗಿ ದೇಹವನ್ನು ಬದಲಿಸುವುದು ಬೇರೆ ಎಂದರು. ನಮಗೆ ಸಮಾಧಾನವಾಯಿತು. ಹೊರನೋಟಕ್ಕೆ ಅಮ್ಮಿ ಮೊದಲಿನಂತೆಯೇ ಆದರು. ಬಹುಶಃ ಅದರಿಂದಲೇ ನಾವು ಮೈಮರೆತೆವು.

ಎರಡು ವರ್ಷಗಳ ನಂತರದ ಈದ್‌ನಂದು ಅವರ ಎಡಗೈಗೆ ಬಳೆ ಏರಲಿಲ್ಲ. 'ದಪ್ಪಗಾಗಿದ್ದೇನೆ' ಎಂದು ನಕ್ಕರು, ನಾವೂ ನಕ್ಕೆವು. ಅವರು ಒಬ್ಬರೇ ಹಿತ್ತಿಲಿಗೆ ಹೋಗಿ ವುಝೂ ಮಾಡುತ್ತಿದ್ದರು. ಮದುವೆ ಮನೆಗಳಲ್ಲಿ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕುಳಿತಿರುತ್ತಿದ್ದರು. ಇದನ್ನೆಲ್ಲ ನೋಡಿಯೂ ನಾವು ಕೇಳಲಿಲ್ಲ. ಒಂದು ದಿನ ಜ್ವರದಿಂದ ಬಳಲುತ್ತಿದ್ದ ಅವರಿಗೆ ವುಝೂವಿನ ನೀರೆರೆಯಲು ಹೋದಾಗ ಆ ಕೈಯನ್ನು ಮೊದಲ ಬಾರಿಗೆ ಸರಿಯಾಗಿ ಕಂಡೆವು. ಬೆರಳುಗಳಿಂದ ತೋಳಿನವರೆಗೆ ಬಾವು, ಬಿಗಿಯಾದ ಕುಪ್ಪಸದ ತೋಳು ಕೊರೆದ ಗುರುತು, ಕೆಂಪಾದ ಬಿಸಿ ಚರ್ಮ.

ಕೂಡಲೇ ಹಾಸನಕ್ಕೆ ಕರೆತಂದೆವು. ಅದು ಚರ್ಮದ ಸೋಂಕೆಂದು ವೈದ್ಯರು ಆ್ಯಂಟಿಬಯೋಟಿಕ್ ಆರಂಭಿಸಿದರು. ಮೂಲ ತೊಂದರೆಯ ಹೆಸರು ಲಿಂಫೆಡಿಮಾ. ಕೈಯ ದುಗ್ಧರಸವು ಕಂಕುಳಿನ ಗ್ರಂಥಿಗಳ ಮೂಲಕ ಹರಿದುಹೋಗಬೇಕು. ಅವುಗಳನ್ನು ತೆಗೆದಾಗ, ವಿಕಿರಣದಿಂದ ದಾರಿ ಇನ್ನಷ್ಟು ಕಿರಿದಾದಾಗ, ಅದು ಕೈಯಲ್ಲೇ ನಿಲ್ಲುತ್ತದೆ. ಕಂಕುಳಿನ ಗ್ರಂಥಿಗಳನ್ನು ತೆಗೆಸಿಕೊಂಡ ಮಹಿಳೆಯರಲ್ಲಿ ಸುಮಾರು 5 ಮಂದಿಗೆ ಒಬ್ಬರಂತೆ ಇದು ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ವರ್ಷಗಳ ನಂತರ. ಪೂರ್ತಿ ಗುಣವಾಗುವುದು ಕಷ್ಟ. ಬೇಗನೆ ಗುರುತಿಸಿದರೆ ಹತೋಟಿಯಲ್ಲಿಡಬಹುದು. ಪದರ ಪದರವಾಗಿ ಸುತ್ತುವ ಬ್ಯಾಂಡೇಜ್, ಬಳಿಕ ಹಗಲಿಡೀ ಧರಿಸುವ ಕಂಪ್ರೆಷನ್ ಸ್ಲೀವ್, ಹಗುರವಾದ ನೀವುವಿಕೆ, ದಿನನಿತ್ಯದ ವ್ಯಾಯಾಮ, ಚರ್ಮ ಒಡೆಯದಂತೆ ಎಚ್ಚರ, ಇವೇ ಚಿಕಿತ್ಸೆ. ಘಾಟಿಯ ಕೆಳಗೆ ಕಾಸರಗೋಡಿನಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯು ಆನೆಕಾಲಿನ ಬಾವಿಗೆ ಇದೇ ಬಗೆಯ ಆರೈಕೆಯೊಂದಿಗೆ ಯೋಗ ಮತ್ತು ಆಯುರ್ವೇದವನ್ನೂ ಸೇರಿಸಿ ಹೆಸರಾಗಿದೆ.

'ಏಕೆ ಹೇಳಲಿಲ್ಲ ಅಮ್ಮಿ?' ಎಂದು ಕೇಳಿದೆವು. 'ಜೀವ ಉಳಿದಿದೆ, ಅಲ್‌ಹಮ್ದುಲಿಲ್ಲಾಹ್ ಅನ್ನಿ ಎಂದು ನೀವೇ ಹೇಳುತ್ತಿದ್ದಿರಿ. ಅದರ ಮೇಲೆ ಕೈ ನೋಯುತ್ತದೆ ಎನ್ನಲು ನಾಚಿಕೆಯಾಯಿತು' ಎಂದರು.

ಆ ಮಾತು ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಅಲ್ಲಾಹನನ್ನು ಸ್ತುತಿಸುವ ಪವಿತ್ರ ವಚನವನ್ನು ನಾವು ಒಬ್ಬ ತಾಯಿಯ ಬಾಯಿ ಮುಚ್ಚಿಸಲು ಬಳಸಿದ್ದೆವು. ಪ್ರವಾದಿ ಅಯ್ಯೂಬ್(ಅ) ತಮ್ಮ ಸಂಕಟವನ್ನು ಅಲ್ಲಾಹನ ಮುಂದೆ ಹೇಳಿಕೊಂಡರು. ಹಾಗೆ ಹೇಳಿಕೊಂಡದ್ದರಿಂದ ಅವರ ಸಹನೆ ಕುಂದಲಿಲ್ಲ. ಕುರ್‌ಆನ್ ಅವರನ್ನು ಸಹನಶೀಲರೆಂದೇ ಪ್ರಶಂಸಿಸಿದೆ. ನೋವನ್ನು ಅಡಗಿಸಿಡುವುದನ್ನೇ ನಾವು ಸಹನೆಯೆಂದು ತಪ್ಪಾಗಿ ತಿಳಿದಿದ್ದೆವು.

ಬ್ಯಾಂಡೇಜ್ ಸುತ್ತಿದ್ದ ದಿನಗಳಲ್ಲಿ ಅಮ್ಮಿಗೆ ವುಝೂವಿನದೇ ಚಿಂತೆ. ಬಿಚ್ಚಿದರೆ ಹಾನಿಯಾಗುವಂತಿದ್ದಲ್ಲಿ ಅದರ ಮೇಲೆ ಒದ್ದೆ ಕೈಯಿಂದ ಸವರಿದರೆ ಸಾಕೆಂದು ಆಲಿಮರು ತಿಳಿಸಿದರು. ಸುಜೂದ್‌ನಲ್ಲಿ ಕೈಗೆ ಭಾರ ಬಿದ್ದು ನೋವಾದ ದಿನ ಕುರ್ಚಿಯ ಮೇಲೆ ಕುಳಿತು ನಮಾಝ್ ಮಾಡುತ್ತಾರೆ.

ಈಗ ರಾಗಿಮುದ್ದೆ ತೊಳಸುವವನು ತಮ್ಮ. ಅರಕಲಗೂಡಿನವಳು ಸಡಿಲ ತೋಳಿನ ಉಡುಪು ಹೊಲಿದು ಕೊಡುತ್ತಾಳೆ. ಚನ್ನರಾಯಪಟ್ಟಣದವಳು ಪ್ರತಿದಿನ ಇಶಾದ ಬಳಿಕ ಫೋನ್ ಮಾಡಿ, ಅಮ್ಮಿಯೊಂದಿಗೆ ತಾನೂ ಕೈಯ ವ್ಯಾಯಾಮ ಮಾಡುತ್ತಾಳೆ. ತಿಂಗಳಿಗೊಮ್ಮೆ ಹಾಸನದಲ್ಲಿ ಫಿಸಿಯೋಥೆರಪಿಸ್ಟ್ ಟೇಪ್ ಹಿಡಿದು ಅಳತೆ ತೆಗೆಯುತ್ತಾರೆ. ಬಾವು ಇಳಿದಿದೆ, ಪೂರ್ತಿ ಹೋಗಿಲ್ಲ. ಗಾಜಿನ ಬಳೆಗಳು ಈಗಲೂ ಪೆಟ್ಟಿಗೆಯಲ್ಲೇ ಇವೆ. ಆದರೆ ಕಳೆದ ಈದ್‌ನಂದು ಅಮ್ಮಿ ಸೆರಗಿನಿಂದ ಕೈ ಹೊರತೆಗೆದು, ಸ್ಲೀವ್ ಹಾಕಿಕೊಂಡೇ ಮೊಮ್ಮಕ್ಕಳಿಗೆ ಈದಿ ಹಂಚಿದರು.

ಪ್ರಿಯ ಸಹೋದರ ಸಹೋದರಿಯರೇ, ನಿಮ್ಮ ಮನೆಯಲ್ಲೂ ಕ್ಯಾನ್ಸರಿನಿಂದ ಚೇತರಿಸಿಕೊಂಡ ತಾಯಿಯೋ ಅಕ್ಕನೋ ಇದ್ದರೆ ಇಂದು ಅವರ ಬಳಿ ಕುಳಿತು, ಕೈ ಭಾರವಾಗುತ್ತಿದೆಯೇ ಎಂದು ಕೇಳಿರಿ. ಉತ್ತರ ಬರುವವರೆಗೆ ಕಾಯಿರಿ. ರೋಗಿಗಳೆಲ್ಲರಿಗೂ ಅಲ್ಲಾಹನು ಶಮನವನ್ನೂ, ನಮಗೆ ಅವರ ಮಾತನ್ನು ಆಲಿಸುವ ಮನಸ್ಸನ್ನೂ ದಯಪಾಲಿಸಲಿ. ಆಮೀನ್.