ಮೂವತ್ತೇಳನೇ ಫ್ರೇಮು

ದ್ವೀಪಕ್ಕೆ ಟ್ರಿಪ್ ಅಂದ ತಕ್ಷಣ ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರ ಬಾಯಿಗೂ ಬರೋದು ಅಂಡಮಾನ್, ಲಕ್ಷದ್ವೀಪ. ಕೈ ತೀರಾ ಬಿಗಿಯಿದ್ದರೆ ಮಲ್ಪೆಯ ಸೇಂಟ್ ಮೇರೀಸ್. ಶ್ರೀರಂಗಪಟ್ಟಣವೂ ದ್ವೀಪವೇ, ಶಿವನಸಮುದ್ರವೂ ದ್ವೀಪವೇ ಅನ್ನೋದು ಯಾರಿಗೂ ನೆನಪಾಗಲ್ಲ. ಬಸ್ಸಲ್ಲಿ ತೂಕಡಿಸ್ತಾ ದಾಟಿಬಿಡುವ ದ್ವೀಪಕ್ಕೆ ಮರ್ಯಾದೆ ಕಡಿಮೆ. ನಾವು ಹೋದದ್ದು ಅದಕ್ಕಿಂತಲೂ ಚಿಕ್ಕದಕ್ಕೆ. ತಿರುಮಕೂಡಲು ನರಸೀಪುರದಲ್ಲಿ ಕಬಿನಿ ಬಂದು ಕಾವೇರಿಯನ್ನು ಸೇರುವ ಕಡೆ, ಬೇಸಿಗೆಯಲ್ಲಿ ನೀರು ಇಳಿದಾಗ ಹೊಳೆ ಮಧ್ಯೆ ಏಳುವ ಮರಳ ದಿಬ್ಬ ಅದು. ಹೊಳೆ ತುಂಬಿದರೆ ದ್ವೀಪವೇ ಇರಲ್ಲ. ಎರಡು ದಿನ ರಜೆ, ನಾಲ್ಕು ಜನ, ಒಂದು ಕ್ಯಾಮೆರಾ, ಒಂದೇ ಒಂದು ರೀಲು.

ನಮ್ಮ ಹೆಸರು ಬೇಡ, ಬ್ರ್ಯಾಂಚ್ ಸಾಕು: ಸಿವಿಲ್, ಮೆಕ್ಯಾನಿಕಲ್, ಇಸಿ, ಸಿಎಸ್. ಮೊದಲಿಬ್ಬರು ಹುಡುಗರು, ಉಳಿದಿಬ್ಬರು ಹುಡುಗಿಯರು. ಕ್ಯಾಮೆರಾ ಬಂದದ್ದು ಸಿವಿಲ್ ಮನೆಯಿಂದ. ಅವನ ಅಪ್ಪ ನರಸೀಪುರದಲ್ಲಿ ಫೋಟೋ ಸ್ಟುಡಿಯೊ ಇಟ್ಟವರು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು, ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋ ಎಲ್ಲ ಅವರದೇ. ಮೇ ಕೊನೆಗೆ ಅಂಗಡಿ ಬಿಟ್ಟುಕೊಡಬೇಕಿತ್ತು. ಆ ಜಾಗಕ್ಕೆ ಮೊಬೈಲ್ ಕವರ್ ಮಾರುವವರು ಬರುತ್ತಾರಂತೆ. ಕ್ಯಾಮೆರಾ ಪೆಂಟಾಕ್ಸ್ ಕೆ 1000. 1976ರಿಂದ 1997ರವರೆಗೆ ತಯಾರಾದ ಮಾಡೆಲ್ಲು. ಅದಕ್ಕೆ ಬ್ಯಾಟರಿ ಬೇಕಾಗೋದು ಲೈಟ್ ಮೀಟರಿಗೆ ಮಾತ್ರ, ಶಟರ್ ಪೂರ್ತಿ ಸ್ಪ್ರಿಂಗು, ಗೇರು. ಇಷ್ಟು ಕೇಳಿದ್ದೇ ತಡ ಮೆಕ್ಯಾನಿಕಲ್ ಅದನ್ನು ಕೈಯಿಂದ ಕೆಳಗಿಡಲಿಲ್ಲ.

ಅಂಕಲ್ ತಾವೇ ರೀಲು ಹಾಕಿ, ಕ್ಯಾಮೆರಾದ ಹಿಂಭಾಗಕ್ಕೆ ಒಂದು ಚೀಟಿ ಅಂಟಿಸಿ ಕಳಿಸಿದ್ದರು. ದುಂಡಗಿನ ಕನ್ನಡ ಅಕ್ಷರ: "ಮೀಟರ್ ನಂಬಬೇಡಿ. ಬಿಸಿಲು 16. ಮರಳು, ನೀರು ಇದ್ದರೆ 22. ಮೋಡ 8. ನೆರಳು 5.6. ಸ್ಪೀಡ್ 250 ಮುಟ್ಟಬೇಡಿ." ಇಂಟರ್ನೆಟ್ಟಲ್ಲಿ ಸನ್ನಿ ಸಿಕ್ಸ್‌ಟೀನ್ ಅಂತ ಹುಡುಕಿದರೆ ಪುಟಗಟ್ಟಲೆ ಬರುವ ವಿದ್ಯೆ ಇದು. ಬಿಸಿಲಲ್ಲಿ ಅಪರ್ಚರ್ 16 ಇಟ್ಟು, ಫಿಲ್ಮಿನ ಐಎಸ್‌ಒ ಎಷ್ಟೋ ಸೆಕೆಂಡಿನ ಅಷ್ಟನೇ ಒಂದು ಭಾಗ ಶಟರ್ ತೆರೆದರೆ ಸರಿಯಾದ ಬೆಳಕು. ನಮ್ಮದು 200ರ ಫಿಲ್ಮ್, ಹತ್ತಿರದ ಸ್ಪೀಡು 250. ಮರಳು ಕನ್ನಡಿ ಥರ ಬೆಳಕು ವಾಪಸ್ ಎಸೆಯುತ್ತೆ, ಹಾಗಾಗಿ 22. ಚೀಟಿಯ ಕೊನೆ ಸಾಲು: "36 ಇದೆ. 37 ಬಂದರೆ ನಿಮ್ಮ ಪುಣ್ಯ." ರೀಲಿನ ತುದಿಯನ್ನು ಜಿಪುಣತನದಿಂದ ಸಿಕ್ಕಿಸಿದರೆ ಒಮ್ಮೊಮ್ಮೆ ಒಂದು ಫ್ರೇಮು ಹೆಚ್ಚಿಗೆ ಸಿಗುತ್ತಂತೆ.

ಇಸಿ ತಲೆಗೆ ಒಂಬತ್ತು ಅಂತ ಹಂಚಿ ನೋಟ್‌ಬುಕ್ಕಲ್ಲಿ ಗೆರೆ ಹಾಕಿದಳು. ರೀಲು, ತೊಳೆಸೋದು, ಸ್ಕ್ಯಾನು ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಒಂದು ಕ್ಲಿಕ್ಕಿಗೆ ಕ್ಯಾಂಟೀನಿನ ಒಂದು ಪ್ಲೇಟ್ ಇಡ್ಲಿ.

ಮೊದಲ ದಿನ ನಂಜನಗೂಡು. ಕಬಿನಿಯನ್ನು ಅಲ್ಲಿಯವರು ಕರೆಯೋದು ಕಪಿಲೆ ಅಂತ. ನರಸೀಪುರದಲ್ಲಿ ಮುಗಿಯುವ ಹೊಳೆಯನ್ನು ಸ್ವಲ್ಪ ಹಿಂದಿನಿಂದ ನೋಡ್ಕೊಂಡು ಹೋಗೋಣ ಅನ್ನೋದು ನಮ್ಮ ಪ್ಲಾನು. ದಳವಾಯಿ ದೇವರಾಜ 1735ರಲ್ಲಿ ಕಟ್ಟಿಸಿದ ಹಳೇ ಸೇತುವೆಗೆ ಸಿವಿಲ್ ನಾಲ್ಕು ಫ್ರೇಮು ಸುರಿದ. ರೈಲೂ ರಸ್ತೆಯೂ ಎರಡೂ ಓಡಾಡಿದ ಸೇತುವೆ, ಅವನನ್ನು ತಡೆಯೋಕಾಗುತ್ತಾ? ಶ್ರೀಕಂಠೇಶ್ವರನ ಗೋಪುರ ಸುಮಾರು 120 ಅಡಿ. 50 ಎಂಎಂ ಲೆನ್ಸಿನಲ್ಲಿ ಅದನ್ನು ಹಿಡಿಸಲು ಸಿಎಸ್ ಹಿಂದೆ ಹಿಂದೆ ಸರಿದು ಬಾಳೆಹಣ್ಣಿನ ಗಾಡಿಗೆ ತಗುಲಿಕೊಂಡಳು. ಕೊನೆಗೆ ಗೋಪುರ ಬಿಟ್ಟು ರಸಬಾಳೆ ತೆಗೆದಳು.

ನಂಜನಗೂಡಿನ ಮೇಲೆ ಹಾದು ಹೋಗೋದು ಊಟಿ ರಸ್ತೆ. ಕಾಲೇಜು ಟ್ರಿಪ್ಪಲ್ಲಿ ನಾವೆಲ್ಲ ಅದರಲ್ಲಿ ಹೋಗಿದ್ದೀವಿ. ಅದೇ ಊಟಿಯಲ್ಲಿ 1960ರಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಅನ್ನುವ ಸರ್ಕಾರಿ ಕಂಪನಿ ಹುಟ್ಟಿತ್ತು, 'ಇಂದು' ಅಂತ ಕಪ್ಪುಬಿಳುಪು ಫಿಲ್ಮ್ ಮಾಡ್ತಿತ್ತು, ಈಗ ಮುಚ್ಚಿಹೋಗಿದೆ ಅನ್ನೋದನ್ನು ಮಾತ್ರ ಯಾವ ಟ್ರಿಪ್ಪಲ್ಲೂ ಯಾರೂ ಹೇಳಿರಲಿಲ್ಲ. ನಮಗೆ ಗೊತ್ತಾಗಿದ್ದು ಮರುದಿನ, ಅಂಕಲ್ ಬಾಯಿಂದ.

ಮರುದಿನ ಬೆಳಿಗ್ಗೆ ಬಸ್ಸಲ್ಲಿ ನರಸೀಪುರ. ಗುಂಜಾ ನರಸಿಂಹಸ್ವಾಮಿಗೆ ಕೈ ಮುಗಿದೆವು. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅನ್ನೋದು ಅಲ್ಲಿನ ನಂಬಿಕೆ. ಅಷ್ಟು ನಿಖರವಾಗಿ ತೂಗಿದವರು ಯಾರೋ ನಮ್ಮ ಮೆಟ್ರಾಲಜಿ ಲ್ಯಾಬಿನವರೇ ಇರಬೇಕು. ಅಲ್ಲಿಂದ ತೆಪ್ಪ ಹತ್ತಿದೆವು. ನಾಲ್ವರೂ ಒಂದೇ ಕಡೆ ವಾಲಿದ್ದಕ್ಕೆ ತೆಪ್ಪದ ಅಣ್ಣ "ಅಲ್ಲಾಡ್ಬ್ಯಾಡಿ ಕನ್ರಪ್ಪಾ, ನಡುಹೊಳೆ ಬಸಪ್ಪ ಕಾಯ್ತಾನೆ, ಕ್ಯಾಮ್ರಾ ಕಾಯಕಿಲ್ಲ" ಅಂದರು.

ದ್ವೀಪ ಅಂದರೆ ಇಷ್ಟೇ: ಕಾಲು ಸುಡುವ ಮರಳು, ಒಣಗಿದ ಜೊಂಡು, ಬೆಳ್ಳಕ್ಕಿ, ಸುತ್ತ ನೀರು. ಒಂದು ದಡದಲ್ಲಿ ಊರು, ಇನ್ನೊಂದರಲ್ಲಿ ತಿರುಮಕೂಡಲಿನ ಅಗಸ್ತ್ಯೇಶ್ವರ. ಫೋನಿದ್ದಿದ್ದರೆ ಐದು ನಿಮಿಷಕ್ಕೆ ಇನ್ನೂರು ಫೋಟೋ ಆಗ್ತಿತ್ತು. ಫೋನುಗಳನ್ನೆಲ್ಲ ಸ್ಟುಡಿಯೊದಲ್ಲೇ ಬಿಟ್ಟು ಬಂದಿದ್ದೆವು. ಹಾಗಾಗಿ ಫ್ರೇಮು ಉಳಿಸೋದಕ್ಕೆ ಸುಮ್ಮನೆ ಕೂತೆವು. ಸಿಎಸ್ ಒಂದು ಬೆಳ್ಳಕ್ಕಿ ತಿರುಗಲಿ ಅಂತ ಅರ್ಧ ಗಂಟೆ ಕಾದಳು, ಅದು ಹಾರಿಹೋಯ್ತು, ಅವಳು ಒತ್ತಲೇ ಇಲ್ಲ. ಪ್ರತಿ ಕ್ಲಿಕ್ ಆದಮೇಲೂ ನಮ್ಮೆಲ್ಲರ ಕಣ್ಣು ತಾನಾಗೇ ಕ್ಯಾಮೆರಾದ ಬೆನ್ನಿಗೆ ಹೋಗ್ತಿತ್ತು. ಅಲ್ಲಿ ಅಂಕಲ್ ಚೀಟಿ ಬಿಟ್ಟರೆ ಏನೂ ಇಲ್ಲ.

ಫಿಲ್ಮಿನ ಬಣ್ಣವೇ ಬೇರೆ, ಅದರ ಆತ್ಮವೇ ಬೇರೆ ಅಂತೆಲ್ಲ ಹೇಳುವವರಿದ್ದಾರೆ. ನಮಗೇನೂ ಹಾಗನ್ನಿಸಲಿಲ್ಲ. ಆ ಬಣ್ಣ ಬೇಕಾದವರಿಗೆ ಫೋನಿನಲ್ಲಿ ಫಿಲ್ಟರ್ ಇದೆ. ಬೇರೆ ಅನ್ನಿಸಿದ್ದು ಇನ್ನೊಂದು ವಿಷಯ, ಅದು ಶುರುವಾಗಿದ್ದು ತೆಪ್ಪದ ಅಣ್ಣನಿಂದ.

ಹುಟ್ಟು ಹಿಡಿದು ನಿಲ್ಲಿಸಿ ಅವರದೊಂದು ತೆಗೆದೆವು. "ಈಗಲೇ ನೋಡೋಕಾಗಲ್ಲ ಅಣ್ಣ" ಅಂತ ಮೆಕ್ಯಾನಿಕಲ್ ವಿವರಿಸಲು ಹೊರಟರೆ, "ನಂಗೊತ್ತು ಬುಡಪ್ಪ. ನನ್ ಮದ್ವೆ ಫೋಟಾನೂ ಇವ್ರಪ್ಪನೇ ತಗ್ದಿದ್ದು. ಕೈಗೆ ಬರಕ್ಕೆ ಮೂರು ತಿಂಗ್ಳಾಯ್ತು" ಅಂತ ಸಿವಿಲ್ ಕಡೆ ತೋರಿಸಿ ನಕ್ಕರು. ಆಮೇಲೆ, "ಅಂಗ್ಡಿ ಮುಚ್ತಾರಂತಲ್ಲ, ನಮ್ ರೀಲ್‌ಗಳೆಲ್ಲ ಏನಾಯ್ತವೆ?" ಹೊಳೆ ಉಕ್ಕಿ ಮನೆಗೆ ನೀರು ನುಗ್ಗಿದ ವರ್ಷ ಅವರ ಆಲ್ಬಮ್ ಪೂರ್ತಿ ಅಂಟಿಕೊಂಡು ಹಾಳಾಗಿತ್ತಂತೆ. ಮದುವೆ ಯಾವ ವರ್ಷ ಅಂತ ಕೇಳಿದೆವು. ಇಸವಿ ನೆನಪಿರಲಿಲ್ಲ. "ಮೊದಲ್ನೇ ಕುಂಭಮೇಳ ಆಯ್ತಲ್ಲ, ಅದೇ ವರ್ಷ."

ನರಸೀಪುರದ ಕುಂಭಮೇಳ ಶುರುವಾದದ್ದು 1989ರಲ್ಲಿ. ಮೂರು ವರ್ಷಕ್ಕೊಮ್ಮೆ ನಡೆಯುತ್ತೆ. ನಮ್ಮಲ್ಲಿ ಯಾರೂ ಆಗ ಹುಟ್ಟಿರಲಿಲ್ಲ.

ಸಂಜೆ ಸ್ಟುಡಿಯೊಗೆ ಬಂದು ಅಂಕಲ್‌ಗೆ ಹೇಳಿದೆವು. ಅವರು ಮಾತಾಡದೆ ಏಣಿ ತಂದು ಅಟ್ಟಕ್ಕೆ ಒರಗಿಸಿದರು. ಮೇಲೆ ಬಿಸ್ಕತ್ತಿನ ಡಬ್ಬ, ಔಷಧಿ ರಟ್ಟಿನ ಪೆಟ್ಟಿಗೆ, ಅವುಗಳ ತುಂಬ ಕಂದು ಲಕೋಟೆಗಳು, ಒಂದೊಂದರ ಮೇಲೂ ನಂಬರು. ಜೊತೆಗೆ ಉದ್ದನೆಯ ರಿಜಿಸ್ಟರುಗಳು. ಊರಿಗೆ ಊರೇ ಅಲ್ಲಿತ್ತು, ಬಿಳಿ ಕೂದಲು, ಕಪ್ಪು ಮುಖ, ತಲೆಕೆಳಗಾದ ಬೆಳಕಿನಲ್ಲಿ. ಪ್ರಿಂಟು ಜನರ ಮನೆಗೆ ಹೋಗಿತ್ತು, ಮೂಲ ಮಾತ್ರ ಇವರ ಅಟ್ಟದಲ್ಲಿ ಉಳಿದಿತ್ತು. ಅಂಗಡಿಗೆ ಬರುವವರು ಅಟ್ಟ ಖಾಲಿ ಮಾಡಿಕೊಡಿ ಅಂತ ಮುಂಚೆಯೇ ಹೇಳಿದ್ದರು. ಗುಜರಿಯವನನ್ನೂ ಕೇಳಿ ಆಗಿತ್ತಂತೆ, ತಗೊಳ್ಳೋದಿಲ್ಲ ಅಂದನಂತೆ.

ಎರಡು ಗಂಟೆ ಹುಡುಕಿದೆವು. ಇಸಿ ರಿಜಿಸ್ಟರು ಓದುತ್ತಾ ಹೋದಳು, ಸಿಎಸ್ ಲಕೋಟೆ ಜೋಡಿಸಿದಳು, ಧೂಳಿಗೆ ಮೆಕ್ಯಾನಿಕಲ್ ಸೀನುತ್ತಲೇ ಇದ್ದ. ಕೊನೆಗೆ ಸಿಕ್ಕಿತು. ಒಂದು ತುಂಡು ಕಪ್ಪುಬಿಳುಪು ನೆಗೆಟಿವ್, ಆರು ಫ್ರೇಮು. ಅಂಕಲ್ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, "ಇಂದು ರೀಲು. ಆಗ ಊಟಿಯಿಂದ ಬರ್ತಿತ್ತು. ನೋಡ್ರಪ್ಪಾ, ಬಾಸಿಂಗದ ಒಂದೊಂದು ಮಣೀನೂ ಎಣಿಸ್ಬೋದು" ಅಂದರು. ಅವರ ಕೈ ಸ್ವಲ್ಪ ನಡುಗುತ್ತಿತ್ತು, ಏಣಿ ಹತ್ತಿದ ಆಯಾಸಕ್ಕೋ ಏನೋ.

ಅಷ್ಟೊತ್ತಿಗೆ ಕ್ಯಾಮೆರಾದ ಕೌಂಟರು 36 ದಾಟಿತ್ತು. ಸಿವಿಲ್ ಸುಮ್ಮನೆ ಲಿವರ್ ಎಳೆದು ನೋಡಿದ. ಬಂತು. ಅಪರ್ಚರ್ ಪೂರ್ತಿ ತೆರೆದು, ಸ್ಪೀಡು 30ಕ್ಕೆ ಇಳಿಸಿ, ಉಸಿರು ಬಿಗಿಹಿಡಿದು ಒತ್ತಿದ. ಅವರು ತಿರುಗಿ ನೋಡಿದಾಗ ಮುಗಿದಿತ್ತು. ಇಡೀ ಊರಿನ ಫೋಟೋ ತೆಗೆದವರದು ಅವರ ಮನೆಯಲ್ಲಿ ಒಂದೂ ಒಳ್ಳೆ ಫೋಟೋ ಇಲ್ಲ ಅನ್ನೋದನ್ನು ಅವನು ನಮಗೆ ಹೇಳಿದ್ದು ವಾಪಸ್ ಬರುವ ಬಸ್ಸಿನಲ್ಲಿ.

ರೀಲು ತೊಳೆದು ಬರಲು ಮೂರು ವಾರ ಹಿಡಿಯಿತು. ಅಷ್ಟರೊಳಗೆ ಪೆಟ್ಟಿಗೆಗಳೆಲ್ಲ ಸಿವಿಲ್ ಮನೆಯ ಅಟ್ಟ ಸೇರಿದ್ದವು. ತೆಪ್ಪದ ಅಣ್ಣನಿಗೆ ಮದುವೆ ಫೋಟೋದ ಪ್ರಿಂಟು ಕೊಟ್ಟೆವು. ಅವರ ಮನೆಯವರು "ಇವ್ಳ್ಯಾರು ಇಷ್ಟು ಸಣ್ಣಕವ್ಳೆ" ಅಂತ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹೊಸ ನೆಗೆಟಿವ್‌ಗಳನ್ನು ಅಂಕಲ್ ಒಂದೊಂದೇ ಬೆಳಕಿಗೆ ಹಿಡಿದರು. ಮರಳಿನವಕ್ಕೆಲ್ಲ "ಸರಿಯಾಗಿದೆ" ಅಂದರು. ಕೊನೆಯದನ್ನು ತುಸು ಹೆಚ್ಚು ಹೊತ್ತು ನೋಡಿ, "ತೆಳುವಾಗಿದೆ. ಪ್ರಿಂಟ್ ಬರುತ್ತೆ" ಅಂದರು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮೇಜಿನ ಖಾನೆಯಿಂದ ಒಂದು ಕಂದು ಲಕೋಟೆ ತೆಗೆದು ನೆಗೆಟಿವ್ ಒಳಗಿಟ್ಟು, ರಿಜಿಸ್ಟರಿನ ಕೊನೆಯ ನಂಬರು ನೋಡಿ, ಅದರ ಮುಂದಿನ ನಂಬರು ಬರೆದರು.