ಕರೆಯದೆ ಬಂದ ಶಂಖದ ಹುಳುಗಳು

ಈ ಸಂಚಿಕೆಗೆ ನಾವೂ ಏನಾದರೂ ಬರೆಯಬೇಕೆಂದು ಪತ್ರವು ಬಂದಾಗ, ಹುಟ್ಟಿದ ಕಡಲ ತೀರವನ್ನು ಬಿಟ್ಟು ಅಮೇರಿಕ ದೇಶದಲ್ಲಿ ಒಂದೇ ಮನೆಯಲ್ಲಿ ವಾಸಿಸುವ ನಾವಿಬ್ಬರು ಸಹೋದರಿಯರು ಬಹಳ ಯೋಚಿಸಿದೆವು. ಕಡೆಗೆ, ನಮ್ಮಿಂದಾದ ಒಂದು ತಪ್ಪನ್ನೇ ಬರೆಯುವದು ಲೇಸೆಂದು ತೋರಿತು.

ನಮ್ಮ ನಡುಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯೊಂದುಂಟು. ಅದರಲ್ಲಿ ಹವಳಗಳನ್ನೂ, ಟ್ರೈಡಾಕ್ನ ಎಂಬ ಜಾತಿಯ ನೀಲಿ ಸೆರಗಿನ ಮರುವಾಯಿಯೊಂದನ್ನೂ ಸಾಕಿರುವೆವು. ಹವಳಗಳಿಗೆ ಆಸರೆಯಾಗಲೆಂದು ಸಮುದ್ರದ ಬಂಡೆಯ ತುಂಡುಗಳನ್ನು ಕೊಂಡುತಂದಾಗ, ಅವುಗಳ ಬಿರುಕುಗಳಲ್ಲಿ ಅಡಗಿ ಕೆಲವು ಜೀವಿಗಳು ಕರೆಯದೆಯೇ ಬಂದವು. ಕೆಲವು ತಿಂಗಳ ಬಳಿಕ ಒಂದು ರಾತ್ರಿ ದೀಪ ಹಿಡಿದು ನೋಡಲು, ಸಾಸಿವೆಯಷ್ಟು, ಹೆಸರುಕಾಳಿನಷ್ಟು ಗಾತ್ರದ ನೂರಾರು ಶಂಖದ ಹುಳುಗಳು ಗಾಜಿನ ಮೇಲೆ ಹರಿದಾಡುತ್ತಿದ್ದವು. ಅದೇ ವಾರದಲ್ಲಿ ಮರುವಾಯಿಯು ತನ್ನ ಸೆರಗನ್ನು ಮೊದಲಿನಂತೆ ಹರಡದೆ ಸೊರಗತೊಡಗಿತ್ತು. ಇವೇ ಅದನ್ನು ಹೀರುವ ವೈರಿಗಳೆಂದು ನಿಶ್ಚಯಿಸಿ, ಮೂರು ರಾತ್ರಿ ಸಿಕ್ಕಿದವುಗಳನ್ನೆಲ್ಲ ಹೆಕ್ಕಿ ಕೊಂದೆವು. ಆದರೂ ಮರುವಾಯಿಯು ಚೇತರಿಸಿಕೊಳ್ಳಲಿಲ್ಲ. ಗಾಜಿನ ಮೇಲೆ ಪಾಚಿಯು ಮಾತ್ರ ದಟ್ಟವಾಯಿತು.

ಆಗ ನಮಗೆ ಶಾಲೆಯ ಪ್ರಕೃತಿಪಾಠವು ನೆನಪಿಗೆ ಬಂತು. ಮಳಲಿನಲ್ಲಿ ಆಯ್ದು ತಂದ ಚಿಪ್ಪುಗಳನ್ನು ಮೇಜಿನ ಮೇಲೆ ಹರಡಿಸಿ ನಮ್ಮ ಉಪಾಧ್ಯಾಯಿನಿಯವರು, “ಹೆಸರು ಹೇಳುವ ಮೊದಲು ಬಾಯಿಯನ್ನು ನೋಡಿರಿ, ಮಕ್ಕಳೇ” ಎನ್ನುತ್ತಿದ್ದರು. ಭೂತಗನ್ನಡಿಯನ್ನು ತಂದು, ನಾವು ಕೊಂದವುಗಳನ್ನು ನೋಡಿದೆವು. ಚಿಪ್ಪು ದುಂಡು, ಬಾಯಿಯೂ ದುಂಡು, ಅದನ್ನು ಮುಚ್ಚಲು ಸುಣ್ಣದಿಂದಾದ ಪುಟ್ಟ ಮುಚ್ಚಳ. ಇವು ಕೊಲೊನಿಸ್ಟ ಎಂಬ ಕುಲದವು. ಗಾಜಿನ ಮತ್ತು ಬಂಡೆಯ ಮೇಲಿನ ಪಾಚಿಯನ್ನು ಮೇಯುವದೇ ಇವುಗಳ ಕಸುಬು. ಹವಳಕ್ಕಾಗಲಿ ಮರುವಾಯಿಗಾಗಲಿ ಇವುಗಳಿಂದ ಕೇಡಿಲ್ಲ. ಮನೆಯನ್ನು ಗುಡಿಸುತ್ತಿದ್ದವರನ್ನೇ ಕಳ್ಳರೆಂದು ದಂಡಿಸಿದಂತಾಯಿತು.

ಅಂದಿನಿಂದ ಅವಸರಪಡದೆ ನೋಡಲು ಕಲಿತೆವು. ಚಪ್ಪಟೆಯಾದ ಚಿಪ್ಪು ಬೆನ್ನಿನ ಒಂದು ಭಾಗವನ್ನು ಮಾತ್ರ ಮುಚ್ಚಿರುವ, ಹಿಡಿದರೆ ಹಲ್ಲಿಯಂತೆ ಹಿಂತುದಿಯನ್ನು ಕಳಚಿಟ್ಟು ಓಡುವ ಹುಳುವು ಸ್ಟೊಮಾಟೆಲ್ಲ. ಅದೂ ಪಾಚಿಯನ್ನೇ ತಿನ್ನುವದು. ಬಾಯಿಯ ಅಂಚಿನಲ್ಲಿ ನೀರೆಳೆಯುವ ಕೊಳವೆಗಾಗಿ ಕೊರಕಲು ಇದ್ದರೆ ಅನೇಕ ವೇಳೆ ಅದು ಮಾಂಸಾಹಾರಿಯ ಗುರುತು. ಆದರೆ ಗೋಪುರದಂತಹ ಸೆರಿತ್ ಹುಳುವಿಗೆ ಆ ಕೊರಕಲು ಇದ್ದರೂ ಅದು ಸಾಧುವೇ. ಆದುದರಿಂದ ಒಂದೇ ಗುರುತು ಸಾಲದು. ಎಲ್ಲಿ ಕುಳಿತಿದೆ, ಏನನ್ನು ತಿನ್ನುತ್ತಿದೆ ಎಂಬದನ್ನೂ ಕಾಣಬೇಕು.

ಹೀಗೆ ಕಾದಿರಲು, ಒಂದು ನಡುರಾತ್ರಿಯಲ್ಲಿ ನಿಜವಾದ ವೈರಿಯು ಸಿಕ್ಕಿತು. ಮರುವಾಯಿಯ ಸೆರಗಿನ ಅಂಚಿನಲ್ಲಿ, ನುಚ್ಚಕ್ಕಿಯಂತೆ ಬಿಳುಪಾದ, ತುದಿ ಮೊನಚಾದ, 2-3 ಮಿಲಿಮೀಟರ್ ಉದ್ದದ ಹುಳುಗಳು ಸಾಲಾಗಿ ಅಂಟಿದ್ದವು. ಇವು ಪಿರಮಿಡೆಲ್ಲಿಡ್ ವಂಶದವು. ಇತರ ಶಂಖದ ಹುಳುಗಳಂತೆ ಕೆರೆಯುವ ನಾಲಿಗೆಯು ಇವಕ್ಕಿಲ್ಲ. ಸೂಜಿಯಂತಹ ಸೊಂಡಿಲನ್ನು ಚುಚ್ಚಿ ರಸವನ್ನು ಹೀರುವವು. ಹಗಲಿನಲ್ಲಿ ಚಿಪ್ಪಿನ ಅಡಿಯಲ್ಲಿ ಅವಿತಿರುವವು. ಮರುವಾಯಿಯನ್ನು ಅದೇ ತೊಟ್ಟಿಯ ನೀರು ತುಂಬಿದ ಬೋಗುಣಿಯಲ್ಲಿಟ್ಟು, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚಿಪ್ಪನ್ನು ಉಜ್ಜಿ, ಹುಳುಗಳನ್ನೂ ಲೋಳೆಯಂತಹ ಮೊಟ್ಟೆಗಳನ್ನೂ ತೆಗೆದೆವು. ಉಳಿದ ಮೊಟ್ಟೆಗಳು ಒಡೆಯುವವೆಂದು ಹಲವು ವಾರ ಹಾಗೆಯೇ ಮಾಡುತ್ತ ಬಂದೆವು. ಎರಡು ತಿಂಗಳಾಗುವಷ್ಟರಲ್ಲಿ ನೀಲಿ ಸೆರಗು ಮತ್ತೆ ಹರಡಿತು.

ಅಳಿದುಳಿದ ಕೊಲೊನಿಸ್ಟಗಳು ಈಗ ಪುನಃ ಹೆಚ್ಚಿವೆ. ಆದರೂ ರಾತ್ರಿಯಲ್ಲಿ ಅವು ಗಾಜನ್ನು ಮೇಯುವದನ್ನು ಕಾಣುವಾಗ ಆ ಮೂರು ರಾತ್ರಿಗಳನ್ನು ನೆನೆದು ನಮಗೆ ನಾಚಿಕೆಯಾಗುವದು. ಪಾಠವನ್ನು ಕಲಿತೂ ನಾವು ಮರೆತಿದ್ದೆವಲ್ಲವೇ? ಪ್ರಿಯ ತಾಯಿತಂದೆಗಳೇ, ನಿಮ್ಮ ಹೆಣ್ಣುಮಕ್ಕಳ ಕೈಗೆ ಒಂದು ಭೂತಗನ್ನಡಿಯನ್ನು ಕೊಡಿರಿ. ಅದರ ಬೆಲೆ ಅಲ್ಪ. ಅದರಿಂದ ಉಳಿಯುವ ಜೀವಗಳು ಅನೇಕ.